ಅಪ್ಪ ಕೂರುವ ಮೊದಲು ಸ್ಪೀಕರಿನ ತಂತಿ

ತಮ್ಮಾ,

ನಾನು ಕೆಲಸಕ್ಕೆ ಹೊರಟೆ. ಹತ್ತಕ್ಕೆ ಅಪ್ಪನನ್ನು ನೀನೇ ಪದ್ಯ ಕೇಳಲು ಕೂರಿಸಬೇಕು. ಅದಕ್ಕೆ ಮೊದಲು ತಂತಿ ಸರಿಮಾಡು.

ಆ ತೆಳು ಕಪ್ಪು ತಂತಿ ಧ್ವನಿ ಒಯ್ಯುವುದಲ್ಲ. ಪ್ಲೇಯರ್ ಆನ್ ಆದಾಗ ಸ್ಪೀಕರುಗಳನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ನಿನ್ನೆ ನೀನು ಅದನ್ನು ಧ್ವನಿಯ ತೂತಿಗೇ ತುರುಕಿದೆ. ಕೇಳಿದರೆ, "ಎರಡೂ ಪಿನ್ನು ಒಂದೇ ಥರ ಇದೆಯಲ್ಲಕ್ಕಾ" ಅಂತೀಯ. ಬೆಳ್ಳಗಿರುವುದೆಲ್ಲ ಹಾಲಲ್ಲ, ಮಹಾರಾಯ! ಆನ್ ಮಾಡಿದೊಡನೆ ಸಿಡಿಲಿನಂತೆ ಬಡಿದ ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಎದ್ದುಹೋದ ಅಪ್ಪ ಮತ್ತೆ ಆ ಕೋಣೆಗೆ ಕಾಲಿಟ್ಟಿಲ್ಲ.

ಸ್ಪೀಕರಿನ ಹಿಂದೆ 'ಟ್ರಿಗರ್' ಎಂದು ಬರೆದ ತೂತಿಗೆ ಹಾಕು. ವಾಲ್ಯೂಮ್ ಸೊನ್ನೆಗಿಳಿಸು. ಅಪ್ಪ ಅಡುಗೆಮನೆಯಲ್ಲಿರುವಾಗಲೇ ಒಮ್ಮೆ ಆನ್ ಮಾಡಿ ನೋಡು. ಇನ್ನೊಮ್ಮೆ ಸಿಡಿದರೆ ಅವರು ಅದರ ಮುಂದೆ ಕೂರುವುದೇ ಇಲ್ಲ.

ಅವರಿಗೆ ತಂತಿಯ ಪುರಾಣ ಬೇಡ. ತಪ್ಪಾಯ್ತು ಎಂದು ಹೇಳಿ ಕೈಹಿಡಿದು ಕರೆದುಕೊಂಡು ಬಾ.

ಮಾತು ನಿಂತು ಏಳು ತಿಂಗಳಾದ ಮೇಲೆ, ಮೊನ್ನೆ ತಾನೇ ಪ್ಲೇಯರಿನಲ್ಲಿ ಹಾಕಿದ ತಮ್ಮದೇ ಹಳೆಯ ಪದ್ಯವಾಚನದ ಜೊತೆ ಅರ್ಧ ಸಾಲು ನುಡಿದಿದ್ದರು. ದೇವರು ಕೊಟ್ಟ ಅರ್ಧ ಅದು. ಇವತ್ತೂ ಅಲ್ಲಿಗೇ ನಿಂತರೆ, ನಿನ್ನ ದಮ್ಮಯ್ಯ, ಉಳಿದದ್ದನ್ನು ನೀನು ಹೇಳಿಕೊಡಬೇಡ. ಅವರ ಬಾಯನ್ನೇ ನೋಡುತ್ತಾ ಸುಮ್ಮನೆ ಕೂತಿರು.

ಅಕ್ಕ