ಅಜ್ಜಿಯ ಹಲ್ಲಿನ ಸೆಟ್ಟು ಭೂಮಿ ಸುತ್ತಿದ್ದು

ಬೀಳೂರು, ಫೆಬ್ರವರಿ ಇಪ್ಪತ್ತು, ೨೬೪೧
ಇವತ್ತಿನ ಹದಿನಾರು ಸೂರ್ಯೋದಯಗಳಲ್ಲಿ ಒಂಬತ್ತನೆಯದು

ನೆಲದ ಮೇಲೆ ನಡೆಯುವ, ಮರದಿಂದ ಬಿದ್ದು ಮೊಣಕಾಲು ತರಚಿಕೊಳ್ಳುವ ಸಮಸ್ತ ಪೂರ್ವಿಕ ಬಾಲಕ ಬಾಲಕಿಯರ ದಿವ್ಯ ಸನ್ನಿಧಾನಕ್ಕೆ, ಹನ್ನೆರಡು ವರ್ಷದ ಕಾದಂಬಿನಿಯು ಭಯಭಕ್ತಿಯಿಂದ ಬಿನ್ನವಿಸಿಕೊಳ್ಳುವುದೇನೆಂದರೆ, ನಾವೆಲ್ಲರೂ ಇಲ್ಲಿ ಕ್ಷೇಮವಾಗಿ ಬೀಳುತ್ತಿದ್ದೇವೆ.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಬೀಳೂರು ಎಂದರೆ ಭೂಮಿಯ ಸುತ್ತ ತಿರುಗುವ ನಮ್ಮ ಊರು. ನಲವತ್ತು ಮನೆ, ಒಂದು ಶಾಲೆ, ಒಂದು ಕೊತ್ತಂಬರಿ ತೋಟ. ಇಲ್ಲಿ ಹಿರಿಯರು ಹರಸುವಾಗ "ಚೆನ್ನಾಗಿ ಬೀಳಮ್ಮ" ಅನ್ನುತ್ತಾರೆ. ಸಾರನ್ನು ಚೀಲದಿಂದ ಹೀರುತ್ತೇವೆ. ಒಗ್ಗರಣೆ ಹಾಕುವ ದಿನ ಸಿಡಿದ ಸಾಸಿವೆ ಹಿಡಿಯಲು ಮನೆಮಂದಿಯೆಲ್ಲ ಬಲೆ ಹಿಡಿದು ಕಾಯುತ್ತೇವೆ.

ಐದು ವರ್ಷದ ನನ್ನ ತಮ್ಮ ನಭನಿಗೆ ಒಂದು ದಿನ ಕಿಟಕಿಯಾಚೆ ಭೂಮಿಯನ್ನು ತೋರಿಸಿ, "ನಾವು ಅದರ ಮೇಲೇ ಬೀಳ್ತಿದ್ದೀವಿ ಕಣೋ, ಗೊತ್ತಿಲ್ವಾ?" ಎಂದು ಬಹಳ ಗಂಭೀರವಾಗಿ ಹೇಳಿದೆ. ಸುಳ್ಳೇನಲ್ಲ. ಆದರೆ ಅವನು ಮೂರು ದಿನ ಮಲಗುವ ಚೀಲ ಬಿಟ್ಟು ಹೊರಗೆ ಬರಲಿಲ್ಲ, ಸರಿಯಾಗಿ ಊಟ ಮಾಡಲಿಲ್ಲ. "ಹೆದರಿಸಿದವಳು ನೀನು, ಸರಿಮಾಡೋಳೂ ನೀನೇ" ಎಂದು ಅಜ್ಜಿಯ ಅಪ್ಪಣೆಯಾಯಿತು.

ವಿವರಿಸಿದೆ. ನಿಮ್ಮಲ್ಲಿ ಕಲ್ಲೆಸೆದರೆ ಬಾಗಿ ನೆಲಕ್ಕೆ ಬೀಳುತ್ತದಂತೆ, ಜೋರಾಗಿ ಎಸೆದಷ್ಟೂ ದೂರ ಹೋಗುತ್ತದಂತೆ. ನಾವು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಎಂಟು ಕಿಲೋಮೀಟರ್ ಓಡುತ್ತೇವೆ. ಅಷ್ಟರಲ್ಲಿ ಭೂಮಿ ನಮ್ಮನ್ನು ಐದು ಮೀಟರಿನಷ್ಟು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆದರೆ ಅದು ಉಂಡೆಯಲ್ಲವೇ, ಆ ದೂರದಲ್ಲಿ ಅದರ ಬೆನ್ನೂ ಅಷ್ಟೇ ಬಾಗಿ ಕೆಳಗೆ ಸರಿದಿರುತ್ತದೆ. ಹಾಗಾಗಿ ಎಷ್ಟು ಬಿದ್ದರೂ ನೆಲ ಸಿಗುವುದಿಲ್ಲ. ವೇಗವಿಲ್ಲದಿದ್ದರೆ ನೆಟ್ಟಗೆ ಕೆಳಗೆ, ಸೆಳೆತವಿಲ್ಲದಿದ್ದರೆ ನೆಟ್ಟಗೆ ಕತ್ತಲೆಗೆ.

"ಸುಳ್ಳುಬುರುಕಿ ನೀನು. ಏನಾದ್ರೂ ಕೆಳಗೆ ಎಸೆದು ತೋರಿಸು" ಎಂದ.

ಕೈಗೆ ಸಿಕ್ಕಿದ್ದು ಮಧ್ಯಾಹ್ನದ ನಿದ್ದೆಯಲ್ಲಿದ್ದ ಅಜ್ಜಿಯ ಹಲ್ಲಿನ ಸೆಟ್ಟಿನ ಡಬ್ಬಿ. ಕೈಚಾಚಿನಿಂದ, ಅಂದರೆ ಊರ ಹೊರಗಿನ ಕೆಲಸ ಮಾಡುವ ಉದ್ದನೆಯ ಯಂತ್ರದ ಕೈಯಿಂದ, ಅದನ್ನು ಭೂಮಿಯ ಕಡೆಗೆ ಮೆಲ್ಲಗೆ ತಳ್ಳಿದೆ. ಡಬ್ಬಿ ಇಳಿಯುತ್ತ ಇಳಿಯುತ್ತ ಚುಕ್ಕೆಯಾಗಿ ಮಾಯವಾಯಿತು. ನಭ ಮತ್ತೆ ಮಲಗುವ ಚೀಲದ ಕಡೆಗೆ ಹೊರಟ. "ಅದಕ್ಕೂ ನಮ್ಮದೇ ವೇಗ ಇದೆ ಕಣೋ. ನಾನು ತಳ್ಳಿದ್ದು ಅದರ ಮುಂದೆ ಏನೇನೂ ಅಲ್ಲ. ಭೂಮಿಗೊಂದು ಸುತ್ತು ಹಾಕಿ ಬರುತ್ತೆ, ನೋಡ್ತಿರು" ಎಂದೆ. ತೊಂಬತ್ತು ನಿಮಿಷ ಅವನ ಕೈ ಹಿಡಿದು ಕಿಟಕಿಗೆ ಅಂಟಿಕೊಂಡಿದ್ದೆ.

ಬಂತು. ಅರ್ಧ ಸುತ್ತು ನಮಗಿಂತ ಕೆಳಗೆ, ಉಳಿದರ್ಧ ನಮಗಿಂತ ಮೇಲೆ ಸಾಗಿ, ಕೆಳಗೆ ತಳ್ಳಿದ್ದು ನಮ್ಮ ತಲೆಯ ಮೇಲಿನಿಂದ ಇಳಿದು ಬಂತು. ನಭ ಬಾಯಿ ಬಿಟ್ಟು ನೋಡಿದ, ಆಮೇಲೆ ನಕ್ಕ, ಎರಡು ಚೀಲ ಸಾರು ಕುಡಿದ.

ಪೂಜ್ಯ ಪೂರ್ವಿಕರೇ, ನೀವೂ ನಿಮ್ಮ ತಮ್ಮ-ತಂಗಿಯರನ್ನು ಹೆದರಿಸಿದ್ದರೆ, ಅವರು ನಗುವವರೆಗೆ ಕೈ ಬಿಡಬೇಡಿ. ಚೆನ್ನಾಗಿ ಬೀಳಿ.

ಒಂದು ಸಣ್ಣ ಅರಿಕೆ ಉಳಿಯಿತು. ನಾನು ತಳ್ಳಿದ್ದು ಕೊಂಚ ಸೊಟ್ಟಗಾಗಿ, ಡಬ್ಬಿ ಕೈಚಾಚಿಗೆ ಸಿಗದೆ ಎರಡು ಮಾರು ಆಚೆಯಿಂದ ಹಾದುಹೋಯಿತು. ಸುತ್ತು ಸುತ್ತಿಗೂ ಇನ್ನಷ್ಟು ದೂರವಾಗುತ್ತಿದೆ. ನಭ ಅದಕ್ಕೆ ಕೈ ಬೀಸುತ್ತಾನೆ. ಅಜ್ಜಿ ಇನ್ನೂ ಮಲಗುವ ಚೀಲ ಕೊಡವಿ ಕೊಡವಿ ಹುಡುಕುತ್ತಿದ್ದಾರೆ. ನಾನೂ ಜೊತೆಗೆ ಹುಡುಕುತ್ತಿದ್ದೇನೆ. ಇಷ್ಟು ಹಿಂದಿನವರಾದ ನಿಮಗೇ ಈ ಪತ್ರ ಬರೆಯಲು ಕಾರಣವೂ ಅದೇ: ಅಜ್ಜಿಯ ಹತ್ತಿರ ಚಾಡಿ ಹೇಳಲಾಗದವರು ನೀವು ಮಾತ್ರ.