ಇಂಜಿನ್ ಮೇಲೆ ಸುರಿದ ಕಾಯಿನೀರು

ಜುಲೈ ೩, ಸೋಮವಾರ

ಆ ಮಿಸ್ತ್ರಿ ಕಾರಣ ಹೇಳದೇ ಇದ್ದಿದ್ದರೇ ಚೆನ್ನಾಗಿತ್ತು.

ಮೊನ್ನೆ ಮೊನ್ನೆ ಕೊಂಡ ಕಾರು. ಎದೆನೋವೆಂದ ಅಪ್ಪನನ್ನು ಯಾದಗಿರಿ ಆಸ್ಪತ್ರೆಗೆ ಒಯ್ಯುವಾಗ ಇಂಜಿನ್ ದೀಪ ಮಿಣುಕತೊಡಗಿತು. ಗಾಡಿ ಜಗ್ಗಾಡುತ್ತ ಕಾಲುವೆ ಸೇತುವೆಯ ಮೇಲೆ ನಿಂತೇಬಿಟ್ಟಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ.

ಇವತ್ತು ಶಹಾಪುರದ ಗ್ಯಾರೇಜಿನಲ್ಲಿ ಮಿಸ್ತ್ರಿ ಪ್ಲಗ್ ಬಿಚ್ಚಿ, ಒಳಗೆ ಬೆರಳಾಡಿಸಿ ಮೂಸಿ ನೋಡಿದ. "ಅಕ್ಕೋರ, ಪ್ಲಗ್ಗಿನ ಕುಣ್ಯಾಗ ಕಾಯಿನೀರು ಇಳದದರಿ. ಅದಕ್ಕೇ ಕಿಡಿ ಹತ್ತಲಾರದೆ ಮಿಸ್ಸಿಂಗ್ ಹೊಡದದ. ಬಾನೆಟ್ ಎತ್ತಿ ಯಾರ್ರಿ ಕಾಯಿ ಒಡದವ್ರು?"

ಅಮಾವಾಸ್ಯೆಯ ಪೂಜೆಗೆ ಒಡೆದವಳು ಅವ್ವ. ಈ ಗಾಡಿಯಲ್ಲಿ ಕುಳಿತವರಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡು, ಒಂದು ಹನಿಯೂ ನೆಲಕ್ಕೆ ಬೀಳದಂತೆ ಇಂಜಿನ್ ಮೇಲೇ ಸುರಿದಿದ್ದಳು.

ನಾನು ಮನೆಗೆ ಬಂದೊಡನೆ ಅವ್ವ ಕೇಳಿದಳು: "ಏನಾಗಿತ್ತಂತವ್ವ ಗಾಡಿಗಿ?"

"ಕಂಪನಿಯವರ ತಪ್ಪಂತ" ಅಂದೆ.

ಕಂಪನಿಯವರಿಗೆ ಬಾಯಿಗೆ ಬಂದಂತೆ ಶಾಪ ಹಾಕಿದಳು. ಆಮೇಲೆ ಬಳೆಯಿಲ್ಲದ ಕೈ ನೋಡಿಕೊಳ್ಳುತ್ತ ಅಂದಳು: "ಬರೋ ಅಮಾಸಿಗಿ ನಾ ಕಾಯಿ ಒಡಿಯಂಗಿಲ್ಲ. ನೀನೇ ಒಡಿ. ನೀರು ಇಂಜಿನ್ ಮ್ಯಾಲೇ ಬೀಳಬೇಕು ನೋಡು."

ಹೂಂ ಅಂದೆ.