ಗಾಳಿಯಲ್ಲಿ ಹಾರಿಸಿದ ಗುಂಡು

ಜೂನ್ 9

ಪ್ರೀತಿಯ ತಂಗಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ. ಗಾಲಿಕುರ್ಚಿಯಲ್ಲಿ ಕುಳಿತು ಕುಳಿತು ಬೆನ್ನಿನ ಬುಡದಲ್ಲಿ ಹುಣ್ಣಾಗಿ ಮೂರು ವಾರ ಬೋರಲು ಮಲಗಿದ್ದೆ. ಹೊಕ್ಕುಳಿನ ಕೆಳಗೆ ನನಗೇನೂ ತಿಳಿಯುವುದಿಲ್ಲವಲ್ಲ, ಹುಣ್ಣನ್ನು ಮೊದಲು ಕಂಡವರು ನಿನ್ನ ಭಾವ. ಈಗ ಎರಡು ಗಂಟೆಗೊಮ್ಮೆ ಅಲಾರಾಂ ಇಟ್ಟು ಮಗ್ಗುಲು ಬದಲಿಸುತ್ತಾರೆ. "ನಾನು ತಿರುಗಿಸಿದ ಕಡೆ ನೀನು ತಿರುಗೋದು ಮದುವೆಯಾದಾಗಿನಿಂದ ಇದೇ ಮೊದಲು ಕಣೇ" ಎಂದು ಗೇಲಿ ಬೇರೆ.

ವಿಚಾರಣೆಯ ಸುದ್ದಿ ಕೇಳು. ಗ್ರಂಥಾಲಯ ಮುಚ್ಚಬೇಡಿ ಎಂದವರ ಮೇಲೆ ಪೊಲೀಸರು ಗುಂಡು ಹಾರಿಸಿದ್ದೇಕೆಂದು ತನಿಖೆ ಮಾಡುವ ಆಯೋಗ ಕುಳಿತಿರುವುದು ಮೂರನೆಯ ಮಹಡಿಯಲ್ಲಿ. ಲಿಫ್ಟ್ ಕೆಟ್ಟು ವರ್ಷವಾಗಿದೆ. ಮೊದಲ ದಿನ ಜವಾನ ಮೇಲಿಂದ ನನ್ನ ಹೆಸರು ಮೂರು ಸಲ ಕೂಗಿದ. ಮೂರು ಸಲವೂ ಮೆಟ್ಟಿಲ ಬುಡದಿಂದ "ಇದ್ದೀನಿ!" ಎಂದು ಕಿರುಚಿದೆ. ಗೈರುಹಾಜರಿ ಎಂದು ಬರೆದುಕೊಂಡರು.

ಮೊನ್ನೆ ಗುಮಾಸ್ತ ಕೆಳಗಿಳಿದು ಬಂದ. "ಯಾವ ಬಂದೂಕಿಂದು ಅಂತ ಗೊತ್ತಾಗಬೇಕಲ್ಲಮ್ಮ, ಗುಂಡು ತಂದಿದ್ದೀರಾ?"

"ತಂದಿದ್ದೀನಪ್ಪ. ಬೆನ್ನುಹುರಿ ಪಕ್ಕದಲ್ಲೇ ಇದೆ. ಕೆದಕಿದರೆ ಉಳಿದಿರೋದೂ ಹೋಗತ್ತೆ ಅಂತ ಡಾಕ್ಟರು ಬಿಟ್ಟಿದ್ದಾರೆ. ಸಾಕ್ಷ್ಯದ ವಸ್ತು ಸಾಗಿಸೋದು ಕಚೇರಿ ಕೆಲಸ, ನಿಮ್ಮ ನಿಯಮದ ಪುಸ್ತಕದಲ್ಲೇ ಇದೆ. ಹೊರಿ."

"ತಮಾಷೆ ಬೇಡಮ್ಮ."

"ನಾನೆಲ್ಲಿ ತಮಾಷೆ ಮಾಡ್ದೆ? ರಸೀದಿ ಕೊಟ್ಟು ಹೊರಿ."

ಸಾಕ್ಷಿ ಹೇಳಲು ಸಾಲಿನಲ್ಲಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕೊನೆಗೆ ಅಧ್ಯಕ್ಷರೇ ಕನ್ನಡಕ ಒರೆಸಿಕೊಳ್ಳುತ್ತ ಇಳಿದು ಬಂದರು. ಬರುವ ಬುಧವಾರದ ವಿಚಾರಣೆ ಕೆಳಗಿನ ಸೈಕಲ್ ಸ್ಟ್ಯಾಂಡಿನಲ್ಲಿ!

ಪೊಲೀಸರ ವರದಿಯಲ್ಲಿ "ಗಾಳಿಯಲ್ಲಿ ಗುಂಡು ಹಾರಿಸಲಾಯಿತು" ಎಂದಿದೆ. ನಾನೇನು ಗಾಳಿಯಲ್ಲಿ ತೇಲುತ್ತಿದ್ದೆನೇ? ಈ ವಾಕ್ಯ ನನಗೆ ಹಳೆಯ ಪರಿಚಯ. ಮೂವತ್ತು ವರ್ಷಗಳ ಹಿಂದೆ ಗಿರಣಿಯ ಮುಂದೆ ನಾಲ್ವರು ಸತ್ತಾಗಲೂ ಇದನ್ನೇ ಬರೆದಿದ್ದರು. ಸರ್ಕಾರಿ ಮುದ್ರಣಾಲಯದಲ್ಲಿ ಆ ವರದಿಯ ಕರಡು ತಿದ್ದಿದವಳು ನಾನೇ. ಅಲ್ಲೊಂದು ಅಲ್ಪವಿರಾಮ ಸರಿಪಡಿಸಿ, ತೆಪ್ಪಗೆ ಮುಂದಕ್ಕೆ ಕಳಿಸಿದ್ದೆ. ಈ ಸಲ ಅದು ಅಚ್ಚಾಗಲು ಬಿಡುವುದಿಲ್ಲ. ಬಂದೂಕನ್ನು ನೆಟ್ಟಗೆ ನಮ್ಮ ಕಡೆಗೆ ಹಿಡಿದದ್ದನ್ನು ಕಂಡ ಇನ್ನೊಬ್ಬರು ಬಾಯಿಬಿಟ್ಟರೆ ಸಾಕು.

ನಿನ್ನ ಮಕ್ಕಳು ಓಡಾಡಿಕೊಂಡು ಚೆನ್ನಾಗಿರಲಿ. ದೊಡ್ಡವಳಿಗೆ ನನ್ನ ನಿಘಂಟು ಎತ್ತಿಟ್ಟಿದ್ದೇನೆ.

ನಿನ್ನ
ಅಕ್ಕ

ಮರೆತಿದ್ದೆ: ಆಯೋಗದವರು ಎಲ್ಲರ ಹೇಳಿಕೆಗಳ ಪ್ರತಿ ಕೊಟ್ಟಿದ್ದಾರೆ. ನಿನ್ನದನ್ನೂ ಓದಿದೆ. "ಅಂದು ನಾನು ಮನೆಯಲ್ಲೇ ಇದ್ದೆ." ನಿನ್ನ ಗಂಡನ ನೌಕರಿ ಪೊಲೀಸ್ ಕಚೇರಿಯಲ್ಲಿ, ಗೊತ್ತು. ಆದರೆ ಬಿದ್ದಾಗ ನನ್ನ ತಲೆ ನಿನ್ನ ತೊಡೆಯ ಮೇಲಿತ್ತು. "ಅಕ್ಕಾ, ಕಾಲು ಮಡಚು, ಕಾಲು ಮಡಚೇ" ಎಂದು ಕೂಗುತ್ತಿದ್ದವಳು ನೀನು. ಬುಧವಾರ ಹನ್ನೊಂದು ಗಂಟೆಗೆ ನಿನ್ನ ಹೆಸರನ್ನೂ ಕೂಗುತ್ತಾರೆ. ಬಾ. ನೀನು ಒಂದು ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ.